ಮಾಳಿಗೆಯ ಮೇಲಿನ ಮೇಡಂ

ನಮ್ಮ ಮಾಳಿಗೆಯ ಮೇಲೆ ಒಬ್ಬ ಬಿಳಿ ಹೆಂಗಸು ಅಂಗಾತ ಮಲಗಿದ್ದಾಳೆ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪೆನ್ನು, ಮುಖದ ತುಂಬ ಹಲ್ಲು. ರಾಯಚೂರಿನ ಬೇಸಿಗೆಗೆ ಬೀದಿನಾಯಿಗಳೂ ಕಾರಿನ ಕೆಳಗೆ ನುಸುಳುವ ಹೊತ್ತಿನಲ್ಲಿ ಈಕೆ ಮಾತ್ರ ನಗುವುದನ್ನು ಬಿಟ್ಟಿಲ್ಲ. ಹಣೆಯಿಂದ ಹೊಟ್ಟೆಯವರೆಗೆ ಅವಳ ಮೇಲೆ ಐದಾರು ಕಿಲೋ ಕೆಂಪು ಮೆಣಸಿನಕಾಯಿ ಹರಡಿದೆ.

ಗಾಬರಿಯಾಗಬೇಡಿ, ಆಕೆ ಫ್ಲೆಕ್ಸು. ಪ್ರತಿ ಬೇಸಿಗೆಯಲ್ಲಿ ನನ್ನ ಹೆಂಡತಿ ಸುಜಾತಾ ಅವಳನ್ನು ಅಟ್ಟದಿಂದ ಇಳಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು ಮಲಗಿಸುತ್ತಾಳೆ. ಪಕ್ಕದ ಮನೆಯ ಶಾಂತಮ್ಮ ತಮ್ಮ ಮಾಳಿಗೆಯಿಂದಲೇ ಮರುಗುತ್ತಾರೆ.

"ಯವ್ವಾ ಸುಜಾತಾ, ಆಕಿ ಕಣ್ಣಾಗ ಖಾರ ಬೀಳ್ತದಲ್ಲಬೇ!"

"ಬೀಳ್ಲಿ ಬಿಡ್ರಿ ಅತ್ತಿ. ಆಕೀಗೇನೂ ಆಗಂಗಿಲ್ಲ. ನಮ್ಮನಿಯವ್ರ ಕಣ್ಣಾಗ ಬಿದ್ರ ಸಾಕು."

ಮನೆಯವರು ಎಂದರೆ ನಾನು. ಈ ಮಾತು ಬಂದಾಗಲೆಲ್ಲ ನನಗೆ ಕೆಳಗೆ ಏನೋ ತುರ್ತು ಕೆಲಸ ನೆನಪಾಗುತ್ತದೆ.

ನಮ್ಮ ಕಡೆ ಫ್ಲೆಕ್ಸುಗಳಿಗೆ ಸಾವಿಲ್ಲ. ಯಾವನೋ ಮರಿ ಮುಖಂಡನ ಹುಟ್ಟುಹಬ್ಬಕ್ಕೆ ನಲವತ್ತು ಮಂದಿ ಕೈಮುಗಿದು ನಿಂತ ಫ್ಲೆಕ್ಸು ಒಂದು ವಾರ ಸರ್ಕಲ್ಲಿನಲ್ಲಿ ಮೆರೆಯುತ್ತದೆ. ಎಂಟನೆಯ ದಿನ ಅದು ಹತ್ತಿ ಮೂಟೆಯ ಮೇಲೋ ಎಮ್ಮೆ ಕಟ್ಟುವ ಚಪ್ಪರದ ಮೇಲೋ ಇರುತ್ತದೆ. ಆ ನಲವತ್ತು ಮುಖಗಳು ಊರಿಗೆ ಮಾಡಿದ ಉಪಕಾರವೆಂದರೆ ಅದೊಂದೇ. ಮಾನ್ವಿಯಿಂದ ದೇವದುರ್ಗದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ನಾನು ಹೊಲಗಳಲ್ಲಿ ಇಂಥ ಮುಖಗಳನ್ನು ಎಣಿಸುತ್ತ ಎಲ್ಲರನ್ನೂ ಮನಸಾರೆ ಬಯ್ಯುತ್ತಿದ್ದೆ. ನನ್ನ ಮನೆಯ ಮಾಳಿಗೆಗೇ ಒಂದು ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಈ ಮೇಡಂ ನಮ್ಮ ಮನೆಗೆ ಬಂದ ಕತೆ ಹೇಳಬೇಕಾದರೆ ಥಾಯ್ಲೆಂಡಿಗೆ ಹೋಗಬೇಕು. ಅದಕ್ಕೂ ಮೊದಲು ಮಾನ್ವಿಯ ಒಂದು ಫೋಟೋ ಸ್ಟುಡಿಯೋಕ್ಕೆ ಹೋಗಬೇಕು. ಬೇಸರ ಮಾಡಿಕೊಳ್ಳಬೇಡಿ, ಸ್ಟುಡಿಯೋ ದಾರಿಯಲ್ಲೇ ಇದೆ.

ನಾನು ಹಿರೇಕೊಟ್ನೆಕಲ್ಲಿನವನು. ಏಳನೇ ತರಗತಿಯಲ್ಲಿ ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಅವ್ವ ನನ್ನನ್ನು ಮಾನ್ವಿಗೆ ಕರೆದುಕೊಂಡು ಹೋದಳು. ಸ್ಟುಡಿಯೋದ ಗೋಡೆಗೆ ಒಂದು ಕನ್ನಡಿ, ತಲೆ ಬಾಚಲು ಒಂದು ಹಣಿಗೆ, ದಾರ ಕಟ್ಟಿ ತೂಗುಬಿಟ್ಟ ಒಂದು ಪೌಡರ್ ಡಬ್ಬಿ. ದಾರ ಯಾಕೆಂದರೆ ಜನ ಡಬ್ಬಿಯನ್ನೇ ಒಯ್ಯುತ್ತಿದ್ದರಂತೆ. ಫೋಟೋಗ್ರಾಫರ್ ನನ್ನ ಮುಖವನ್ನು ಒಮ್ಮೆ ನೋಡಿದ. ಮಾತಿಲ್ಲದೆ ಡಬ್ಬಿಯನ್ನು ಅಂಗೈಗೆ ಬಗ್ಗಿಸಿ, ಗೋಡೆಗೆ ಸುಣ್ಣ ಬಳಿದಂತೆ ಬಳಿದ. ಕುತ್ತಿಗೆ ಬಿಟ್ಟುಬಿಟ್ಟ. ಫೋಟೋ ಬಂದಾಗ ನನ್ನ ಕಪ್ಪು ಕುತ್ತಿಗೆಯ ಮೇಲೆ ಯಾರದೋ ಬೂದು ತಲೆ ಕೂತಿತ್ತು. ಅವ್ವ ಮಾತ್ರ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಓಣಿಯ ತುಂಬ ತೋರಿಸಿದಳು. "ನೋಡ್ರಿ, ಎಷ್ಟ ಬೆಳ್ಳಗ ಬಂದಾನ ನನ್ನ ಮಗ!" ಹೆತ್ತವಳೇ ಹೀಗಂದ ಮೇಲೆ ಆ ಫೋಟೋಗ್ರಾಫರನನ್ನು ಬೈದು ಏನು ಪ್ರಯೋಜನ?

ಸುಜಾತಾ ದೇವದುರ್ಗದವಳು. ನಾವಿಬ್ಬರೂ ರಾಯಚೂರಿನ ಖಾಸಗಿ ಶಾಲೆಗಳಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆವು. ಹೈದರಾಬಾದಿನ ಒಬ್ಬ ಏಜೆಂಟ್ ಥಾಯ್ಲೆಂಡಿನ ಶಾಲೆಯೊಂದರಲ್ಲಿ ಗಂಡ ಹೆಂಡತಿಗೆ ಜೋಡಿ ಕೆಲಸವಿದೆ ಎಂದ. ವಿಡಿಯೋದಲ್ಲಿ ಸಂದರ್ಶನ. ಆ ಕಡೆಯ ಪ್ರಿನ್ಸಿಪಾಲ್ ಮೇಡಂ ನಾಲ್ಕು ಸಲ ಕೇಳಿದರು, "ನಿಮ್ಮಲ್ಲಿ ಬೆಳಕು ಕಡಿಮೆ ಇದೆಯೇ? ಇನ್ನೊಂದು ದೀಪ ಹಾಕುತ್ತೀರಾ?" ನಮ್ಮ ತಲೆಯ ಮೇಲೆ ಎರಡು ಟ್ಯೂಬ್‌ಲೈಟು ಉರಿಯುತ್ತಿದ್ದವು. ಇನ್ನು ಸೂರ್ಯನನ್ನೇ ಒಳಗೆ ಕರೆಯಬೇಕಿತ್ತು. ನಾನು ಹಲ್ಲು ಕಿರಿದು ಮೇಜಿನ ದೀಪವನ್ನೂ ಹಚ್ಚಿದೆ. ಸುಜಾತಾ ಪಾಠದ ಬಗ್ಗೆ ಕೇಳಿದ್ದಕ್ಕೆಲ್ಲ ಅಳುಕಿಲ್ಲದೆ ಉತ್ತರಿಸಿದಳು. ಕೆಲಸ ಸಿಕ್ಕಿತು.

ಸಿಕ್ಕ ಊರು ನೋಡಿದರೆ ಅದೂ ನಮ್ಮದೇ ಊರು. ಸುತ್ತ ಭತ್ತದ ಗದ್ದೆ, ರೈಸ್ ಮಿಲ್ಲು, ಉರಿಬಿಸಿಲು, ಖಾರವಿಲ್ಲದೆ ತುತ್ತು ಎತ್ತದ ಜನ. ಲಾಂಡ್ರಿಯೊಂದರ ಮೇಲಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಮೊದಲ ಭಾನುವಾರ ಸುಜಾತಾ ಊರಿಂದ ಹೊತ್ತು ತಂದ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಹತ್ತು ನಿಮಿಷದಲ್ಲಿ ಮನೆಯೊಡತಿ ಓಡುತ್ತ ಮೇಲೆ ಬಂದಳು. ನಾನು ಹೆಂಡತಿಗೆ ಹೊಡೆಯುತ್ತಿದ್ದೇನೆ ಎಂದುಕೊಂಡಿದ್ದಳು. ಬಂದು ನೋಡಿದರೆ ಹೆಂಡತಿಯೇ ಏನನ್ನೋ ಹೊಡೆಯುತ್ತಿದ್ದಾಳೆ, ನಾನು ಗೋಡೆಗೊರಗಿ ಫೋನು ನೋಡುತ್ತಿದ್ದೇನೆ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ತಿಂದು ಆಕೆ ಸುಜಾತಾಳಿಗೆ ಕೈಮುಗಿದಳು. ನನ್ನತ್ತ ಆಕೆ ನೋಡಿದ ನೋಟ ಮೂರು ವರ್ಷವೂ ಬದಲಾಗಲಿಲ್ಲ.

ಬೆಳಗ್ಗೆ ಏಳೂವರೆಗೆ ನಾವು ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳಿಗೆ ಗುಡ್ ಮಾರ್ನಿಂಗ್ ಹೇಳಬೇಕು. ಆಮೇಲೆ ಸಂಜೆಯವರೆಗೆ ಪಾಠ. ಸುಜಾತಾಳ ತರಗತಿ ಬಿಟ್ಟ ಮೇಲೂ ಮಕ್ಕಳು ಅವಳ ಹಿಂದೆ ಬರುತ್ತಿದ್ದವು, ತಮ್ಮ ಬೆಕ್ಕಿನ ಸುದ್ದಿ, ಅಜ್ಜಿಯ ಸುದ್ದಿಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತ. ನನ್ನ ತರಗತಿ ಬಿಟ್ಟಾಗ ಮಕ್ಕಳು ಮನೆಗೆ ಹೋಗುತ್ತಿದ್ದವು.

ನನ್ನ ಚಿತ್ತವೆಲ್ಲ ಶನಿವಾರದ ಮೇಲೆ. ವಿದೇಶಕ್ಕೆ ಬಂದ ಮೇಲೆ ವಾರದ ಕೊನೆಗೆ ಎಲ್ಲಿಗಾದರೂ ಹೋಗಲೇಬೇಕು, ಹೋದದ್ದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಲೇಬೇಕು ಎಂಬ ಕಾಯಿಲೆ ನನಗೆ ಹತ್ತಿತ್ತು. ಒಮ್ಮೆ ವ್ಯಾನಿನಲ್ಲಿ ಮೂರು ತಾಸು ಕೂತು ಪ್ರಸಿದ್ಧವಾದ ಕಾಫಿ ಅಂಗಡಿಯೊಂದಕ್ಕೆ ಹೋದೆವು. ಅದರ ಹಿರಿಮೆ ಏನೆಂದರೆ ಅದು ಭತ್ತದ ಗದ್ದೆಯ ನಡುವೆ ಇತ್ತು. ಕೆಸರಿನ ಮೇಲೆ ಬಿದಿರಿನ ಸೇತುವೆ, ತುದಿಯಲ್ಲಿ ಹುಲ್ಲಿನ ಜೋಪಡಿ, ಫೋಟೋಕ್ಕೆಂದು ಬಾಡಿಗೆಗೆ ಸಿಗುವ ರೈತರ ಟೋಪಿ. ನಮ್ಮವ್ವ ಮಾನ್ವಿಯ ಕಾಲುವೆ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಹಚ್ಚಿ ನನ್ನನ್ನು ಓದಿಸಿದವಳು. ಅವಳ ಮಗ ಟಿಕೆಟ್ ಕೊಟ್ಟು ಗದ್ದೆಯೊಳಗೆ ಹೋಗಿ, ರೈತರ ಟೋಪಿ ಹಾಕಿಕೊಂಡು, ತಣ್ಣನೆಯ ಕಾಫಿ ಹಿಡಿದು, ಸಸಿಗಳ ಕಡೆಗೆ ಕನಸಿನ ಕಣ್ಣು ಬಿಟ್ಟು ನಿಂತ. ಈ ಲೋಕದಲ್ಲಿ ನಗೆಪಾಟಲಾದ ಗಂಡಸರ ಪಟ್ಟಿ ಮಾಡಿದರೆ ಆ ದಿನದ ಮಟ್ಟಿಗೆ ಮೊದಲ ಹೆಸರು ನನ್ನದು. ಫೋಟೋ ನೋಡಿ ಅವ್ವ ಫೋನು ಮಾಡಿದಳು.

"ಅಲ್ಲಪಾ, ಅಷ್ಟ ದೂರ ಹೋಗಿ ಭತ್ತದ ಗದ್ದಿ ನೋಡಾಕತ್ತೀಯೇನು? ಇಲ್ಲೇ ಬಂದಿದ್ರ ನಾಟಿ ಹಚ್ಚಿ ಕೂಲೀನೂ ತಗೊಂಡ ಹೋಗ್ತಿದ್ದಿ."

ಸುಜಾತಾ ನಕ್ಕು ನಕ್ಕು ಸೇತುವೆಯ ಮೇಲೇ ಕೂತುಬಿಟ್ಟಳು.

ಇನ್ನೊಂದು ಶನಿವಾರ ಗುಡ್ಡದ ಮೇಲಿನ ಬುದ್ಧ ಮಂದಿರಕ್ಕೆ ಹೋಗಿದ್ದೆವು. ನಮ್ಮದು ಬುದ್ಧನನ್ನು ನಂಬಿದ ಮನೆ. ಹಿರೇಕೊಟ್ನೆಕಲ್ಲಿನ ನಮ್ಮ ಗೋಡೆಯ ಮೇಲೆ ಬುದ್ಧನ ಚಿತ್ರಕ್ಕೆ ದಿನಾ ಹೂವು ಬೀಳುತ್ತದೆ. ಬಾಗಿಲಲ್ಲಿ ಕೂತ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿ ಯಾವ ದೇಶ ಎಂದಳು. ಹೇಳಿದೆವು. ಬುದ್ಧನೆಂದರೆ ಯಾರು ಎಂದು ವಿವರಿಸುವ ಕರಪತ್ರ ಕೈಗಿಟ್ಟಳು! ಬುದ್ಧ ಓಡಾಡಿದ ನೆಲದಿಂದ ಬಂದವನಿಗೆ ಬುದ್ಧನ ಗುರುತು ಹೇಳುವ ಕರಪತ್ರ. ಆ ಸಿಟ್ಟಿನಲ್ಲೇ ಮೆಟ್ಟಿಲು ಹತ್ತುವಾಗ ಒದ್ದೆಯ ಮೇಲೆ ಜಾರಿ ಕುಕ್ಕರಿಸಿದೆ. ಎದ್ದು ನಿಂತಾಗ ಯಾರೋ ಪ್ರವಾಸಿ ನಮ್ಮಿಬ್ಬರ ಫೋಟೋ ತೆಗೆದುಕೊಟ್ಟರು. ಸುಜಾತಾ ಅದರಲ್ಲಿ ನಗು ತಡೆಯಲಾರದೆ ಅರಳಿದ್ದಾಳೆ. ನಾನು ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ಮುಖ ಗಂಟಿಕ್ಕಿಕೊಂಡಿದ್ದೇನೆ. ಅವಳಿಗೆ ಆ ಫೋಟೋ ಎಂದರೆ ಪ್ರಾಣ. ನನಗೆ ಕಂಡರಾಗದು.

ಎರಡನೆಯ ವರ್ಷ ಶಾಲೆಗೆ ಮಾರ್ಕೊ ಬಂದ. ಯುರೋಪಿನವನು, ಇಂಗ್ಲಿಷ್ ಅವನ ಮನೆಮಾತೂ ಅಲ್ಲ, ಕಲಿತ ವಿದ್ಯೆಯೂ ಅಲ್ಲ. ಆ ಊರಿಗೆ ಬಂದದ್ದು ಬಾಕ್ಸಿಂಗ್ ಕಲಿಯಲು. ವಾರಕ್ಕೆ ಒಂದು ತಾಸು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ. ಆ ಒಂದು ತಾಸಿಗೆ ಏನು ಮಾಡಬೇಕೆಂದು ಬರೆದುಕೊಡುತ್ತಿದ್ದವಳು ಸುಜಾತಾ. ಬೈಯಬೇಕೆಂದರೂ ಬೈಯಲಾಗದಷ್ಟು ಒಳ್ಳೆಯ ಹುಡುಗ ಎಂಬುದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಆ ವರ್ಷ ವಿದೇಶಿ ಶಿಕ್ಷಕರೆಲ್ಲರ ಗುಂಪು ಫೋಟೋ ತೆಗೆದರು. ಸುಜಾತಾ ದೇವದುರ್ಗದಿಂದ ತಂದ ಇಳಕಲ್ ಸೀರೆ ಉಟ್ಟು ನಿಂತಳು.

ತಿಂಗಳಾದ ಮೇಲೆ ಗೇಟಿನ ಮೇಲೆ ದೊಡ್ಡ ಬೋರ್ಡು ಏರಿತು. ನಡುವೆ ಮಾರ್ಕೊ, ಬಾಗಿಲಿನಷ್ಟು ಎತ್ತರಕ್ಕೆ. ನಾನು ಪೂರ್ತಿ ಮಾಯ. ಸುಜಾತಾ ಅವನ ಪಕ್ಕಕ್ಕೇ ನಿಂತಿದ್ದಳಲ್ಲ, ಅವಳನ್ನು ಕತ್ತರಿಸುವಾಗ ಅವರ ಕತ್ತರಿ ಅಷ್ಟು ನಿಖರವಾಗಿ ಆಡಿರಲಿಲ್ಲ. ಬೋರ್ಡಿನ ಅಂಚಿನಲ್ಲಿ ಅವಳ ಎಡ ಮೊಣಕೈ ಉಳಿದಿತ್ತು, ಇಳಕಲ್ ಕುಪ್ಪಸದ ತೋಳಿನ ಅಂಚು ಸಮೇತ. ಆ ಮೊಣಕೈಯ ಕೆಳಗೆ ಅವಳು ಇನ್ನೊಂದೂವರೆ ವರ್ಷ ದಿನಾ ಬೆಳಗ್ಗೆ ನಿಂತು ಗುಡ್ ಮಾರ್ನಿಂಗ್ ಹೇಳಿದಳು.

ನಮ್ಮನ್ನು ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಪ್ರಿನ್ಸಿಪಾಲ್ ಮೇಡಂ ಮೆತ್ತಗೆ ನಕ್ಕರು. "ನಾನಲ್ಲ, ಪಾಲಕರು ಕೇಳುತ್ತಾರೆ."

ಅಂದು ಮನೆಗೆ ಬಂದು ನಾನು ಮಾಡಿದ ಭಾಷಣವನ್ನು ನೀವು ಕೇಳಬೇಕಿತ್ತು. ಗುಲಾಮಗಿರಿ ಎಂದೆ. ಚರ್ಮ ನೋಡಿ ಮಣೆ ಹಾಕುವ ಮಂದಿ ಎಂದೆ. ಅವ್ವನ ಜೊತೆ ಚಿಕ್ಕಂದಿನಲ್ಲಿ ಧಣಿಗಳ ಮನೆಗೆ ಹೋದಾಗ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ, ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟ ಲೋಟದಲ್ಲಿ ಮಜ್ಜಿಗೆ ಕೊಡುತ್ತಿದ್ದುದನ್ನು ನೆನೆಸಿ ಮೇಜು ಗುದ್ದಿದೆ. ನಾಳೆಯೇ ರಾಜೀನಾಮೆ ಎಂದೆ. ಆ ರಾತ್ರಿಯ ಊಟಕ್ಕೆ ಮೊದಲೇ ಮುಂದಿನ ಶನಿವಾರದ ವ್ಯಾನಿಗೆ ಎರಡು ಸೀಟು ಕಾದಿರಿಸಿದೆ. ನನ್ನ ತಿರಸ್ಕಾರ ಯಾವತ್ತೂ ಹಾಗೆಯೇ, ಮನೆಯ ಹೊಸಿಲು ದಾಟಿ ಹೊರಗೆ ಹೋಗುವುದಿಲ್ಲ.

ಸುಜಾತಾ ಭಾಷಣ ಮುಗಿಯುವವರೆಗೆ ಕಾದಳು.

"ಊರಿಗೆ ಹೋಗಿ ನಾ ಒಂದು ಕ್ಲಾಸ್ ತೆಗೀತೀನ್ರಿ. ಬೋರ್ಡಿನ ಮ್ಯಾಲ ನನ್ನ ಮುಖ ಇರಬೇಕು. ಪೂರಾ ಮುಖ. ಅಷ್ಟ ನನಗ ಬೇಕಾಗಿದ್ದು."

ಮದುವೆಯಾದಾಗಿನಿಂದ ಅವಳು ನನ್ನಲ್ಲಿ ಇಂಥದ್ದು ಬೇಕು ಎಂದು ಕೇಳಿದ್ದು ಅದೊಂದೇ. ಆಗಲಿ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಮೂರು ವರ್ಷ ಮುಗಿಸಿ ರಾಯಚೂರಿಗೆ ಬಂದೆವು. ಬಸ್ ಸ್ಟಾಪಿಗೆ ಹತ್ತಿರ ಮನೆ ಹಿಡಿದು ಕೆಳಗಿನ ಹಾಲಿನಲ್ಲಿ ಬೆಂಚು ಹಾಕಿಸಿದೆವು. ಕ್ಲಾಸು ಶುರುವಾಗುವ ಹೊತ್ತಿಗೆ ದೇವದುರ್ಗದಲ್ಲಿ ಸುಜಾತಾಳ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರ. ಅವಳು ನಾಲ್ಕು ದಿನಕ್ಕೆಂದು ಹೊರಟಳು. ಹೊರಡುವಾಗ ತನ್ನ ಫೋಟೋ ನನ್ನ ಫೋನಿಗೆ ಕಳಿಸಿ, "ನಾ ಬರೋದ್ರಾಗ ಬೋರ್ಡ್ ಏರಿರಬೇಕು ನೋಡ್ರಿ," ಎಂದಳು.

ಫ್ಲೆಕ್ಸ್ ಅಂಗಡಿಯವನು ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ, ಚಿಕ್ಕದು ಮಾಡಿದ, ತಲೆ ಕೆರೆದುಕೊಂಡ.

"ಮೇಡಮ್ಮೋರ ಫೋಟೋ ಚಲೋ ಅದ್ರಿ ಸರ್. ಆದ್ರ..."

"ಆದ್ರ ಏನ್ರಿ?"

"ಇಂಗ್ಲಿಷ್ ಕ್ಲಾಸ್ ಅನ್ಸಂಗಿಲ್ರಿ. ಮಹಿಳಾ ಸಂಘದ ಬೋರ್ಡ್ ಅನಸ್ತದ. ನೀವು ಫಾರಿನ್ನಾಗ ಇದ್ದು ಬಂದೋರು, ನಿಮಗ ನಾ ಏನು ಹೇಳಲಿ? ಇದು ನನ್ನ ಮಾತಲ್ರಿ ಸರ್, ಪಾಲಕರು ಕೇಳ್ತಾರ."

ಅದೇ ಮಾತು. ಸಮುದ್ರದಾಚೆ ಕೇಳಿದ್ದ ಅದೇ ಮಾತು, ಭಾಷೆ ಮಾತ್ರ ಬೇರೆ. ಆಗ ನಾನು ಎದ್ದು ಬರಬೇಕಿತ್ತು. ಅಂಗಳದಲ್ಲಿ ನಿಲ್ಲಿಸಿದವರನ್ನು ಮರೆಯದವನು, ಬೋರ್ಡಿನಿಂದ ಕತ್ತರಿಸಿದವರನ್ನು ಮನೆಯೊಳಗೆ ಅಷ್ಟು ಜೋರಾಗಿ ಬೈದವನು. ಏಳಲಿಲ್ಲ. ಅಂಗಡಿಯವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಬಿಳಿ ಹೆಂಗಸರು ಸಾಲಾಗಿ ನಗುತ್ತಿದ್ದರು.

"ಕನ್ನಡಕದಾಕಿ ಬೇಕೇನ್ರಿ, ಹೆಡ್‌ಫೋನಿನಾಕಿ ಬೇಕೇನ್ರಿ?"

ನಾನು ಸ್ವಲ್ಪ ಯೋಚನೆ ಮಾಡಿದೆ. ಆ ಯೋಚನೆ ಬಿಳಿ ಮುಖ ಹಾಕಬೇಕೋ ಬೇಡವೋ ಎಂಬುದರ ಬಗ್ಗೆ ಆಗಿದ್ದರೆ ಇಂದು ಇದನ್ನು ಬರೆಯುವಾಗ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಯಾರು ಹೆಚ್ಚು ಚಂದ ಎಂಬುದರ ಬಗ್ಗೆ ಯೋಚಿಸಿದೆ.

"ಹೆಡ್‌ಫೋನಿನಾಕಿ," ಎಂದೆ.

ನಾಲ್ಕನೆಯ ದಿನ ಸುಜಾತಾ ದೇವದುರ್ಗದ ಬಸ್ಸಿನಲ್ಲಿ ಬಂದಳು. ಬಸ್ಸು ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತದೆ. ತನ್ನ ಮುಖ ನೋಡಬೇಕೆಂದು ಎಡಬದಿಯ ಕಿಟಕಿಯೇ ಬೇಕೆಂದು ಕೇಳಿ ಕೂತಿದ್ದಳಂತೆ. ಅದನ್ನು ಅವಳು ಹೇಳಿದ್ದು ಬಹಳ ದಿನದ ಮೇಲೆ. ಅಂದು ಒಳಗೆ ಬಂದವಳು ತವರಿನವರು ಕೊಟ್ಟ ಮೆಣಸಿನಕಾಯಿ ಚೀಲವನ್ನು ಕೆಳಗಿಟ್ಟು, ನೀರು ಕುಡಿದು, ಸಾವಕಾಶವಾಗಿ ಕೇಳಿದಳು.

"ಯಾರ್ರೀ ಆಕಿ?"

"ಅದು... ಅಂಗಡಿಯವ ಹಾಕ್ಯಾನ. ನಾ ಅಲ್ಲ ಸುಜಾತಾ, ಪಾಲಕರು ಕೇಳ್ತಾರಂತ..."

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತೆಂದು ಇಬ್ಬರಿಗೂ ಹೊಳೆಯಿತು. ಅವಳು ಚೀಲದ ಬಾಯಿ ಬಿಚ್ಚುತ್ತ ಕೇಳಿದಳು.

"ಬೋರ್ಡ್ ಪೂರಾ ಹುಡುಕಿದೆ. ನನ್ನ ಮೊಣಕೈ ಎಲ್ಲಿ ಅದರಿ? ಆ ಊರಾಗ ಮೊಣಕೈ ಆದ್ರೂ ಇತ್ತು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ರೊಟ್ಟಿ ಬಡಿದು, ನನಗೂ ಬಡಿಸಿದಳು. ಮರುದಿನ ಬೆಳಗ್ಗೆ ನಾನು ಎದ್ದಾಗ ಬೋರ್ಡು ಗೋಡೆಯ ಮೇಲಿರಲಿಲ್ಲ. ಮೇಲೆ ಹೋಗಿ ನೋಡಿದರೆ ಬಿಳಿ ಮೇಡಂ ಅಂಗಾತ ಮಲಗಿದ್ದಳು, ಸುಜಾತಾ ಅವಳ ಮೇಲೆ ಮೆಣಸಿನಕಾಯಿ ಹರಡುತ್ತಿದ್ದಳು. ತೊಟ್ಟು ಮುರಿದವು ಒಂದು ಕಡೆ, ಮುರಿಯದವು ಒಂದು ಕಡೆ. ನಾನೂ ಕೂತು ತೊಟ್ಟು ಮುರಿಯತೊಡಗಿದೆ.

ಹನ್ನೊಂದರ ಹೊತ್ತಿಗೆ ಕೆಳಗೆ ಯಾರೋ ಕೂಗಿದರು. ಗಿಲ್ಲೆಸುಗೂರಿನವರೊಬ್ಬರು ಮಗಳನ್ನು ಕ್ಲಾಸಿಗೆ ಸೇರಿಸಲು ಕರೆತಂದಿದ್ದರು. ಹಿಂದಿನ ದಿನ ಬಸ್ಸಿನಿಂದ ಬೋರ್ಡು ನೋಡಿದ್ದರಂತೆ. ಕಾಲೇಜು ಹುಡುಗಿ ಸುತ್ತಲೂ ನೋಡಿ, "ಬೋರ್ಡಿನ್ಯಾಗ ಇದ್ದ ಮೇಡಂ ಎಲ್ಲಿ ಅದಾರ್ರಿ?" ಎಂದಳು. ಸುಜಾತಾ ಖಾರದ ಕೈಯನ್ನು ಎತ್ತಿ ಹಿಡಿದುಕೊಂಡೇ ಇಬ್ಬರನ್ನೂ ಮಾಳಿಗೆಗೆ ಕರೆದುಕೊಂಡು ಹೋದಳು.

"ಇವ್ರ ನೋಡವ್ವಾ. ಮೆಣಸಿನಕಾಯಿ ಕಾಯಾಕತ್ತಾರ, ಪುರಸೊತ್ತಿಲ್ಲ. ಪಾಠ ನಾ ಹೇಳ್ತೀನಿ. ನಡೀತದೇನ್ರಿ ನಿಮಗ?"

ಕೊನೆಯ ಮಾತು ತಂದೆಗೆ. ಅವರು ಫ್ಲೆಕ್ಸನ್ನು ನೋಡಿದರು, ಸುಜಾತಾಳನ್ನು ನೋಡಿದರು, ಯಾಕೆ ಕೇಳುತ್ತಿದ್ದಾರೆ ಎಂದು ತಿಳಿಯದವರ ಹಾಗೆ ನನ್ನನ್ನು ನೋಡಿದರು.

"ನಮಗ ಮುಖ ತಗೊಂಡು ಏನಾಗಬೇಕಾಗ್ಯದರಿ ಮೇಡಂ? ಹುಡುಗಿ ನಾಲ್ಕು ಮಂದ್ಯಾಗ ಅಂಜದೆ ಮಾತಾಡಿದ್ರ ಸಾಕು. ನಾವು ಫೋಟೋ ನೋಡಿ ಬಂದಿಲ್ರಿ, ಬಸ್ ಸ್ಟಾಪಿಗೆ ಸಮೀಪ ಅದಂತ ಬಂದೀವಿ."

ಪಾಲಕರು ಕೇಳುತ್ತಾರೆ ಎಂದು ಎರಡು ದೇಶದಲ್ಲಿ ಕೇಳಿದ್ದೆ. ಪಾಲಕರು ಏನು ಕೇಳುತ್ತಾರೆಂದು ಪಾಲಕರ ಬಾಯಿಂದಲೇ ಕೇಳಿದ್ದು ಅದೇ ಮೊದಲು. ಬಸ್ ಸ್ಟಾಪು ಕೇಳುತ್ತಾರೆ. ಅದಕ್ಕಾಗಿ ನಾನು ನನ್ನ ಹೆಂಡತಿಯ ಮುಖವನ್ನು ಮಾರಿಕೊಂಡಿದ್ದೆ.

ಹೊಸ ಬೋರ್ಡು ಮಾಡಿಸಲು ಸುಜಾತಾಳೇ ಹೋದಳು. ಜೊತೆಗೆ ಬರುತ್ತೇನೆ ಎಂದದ್ದಕ್ಕೆ ಬೇಡವೆಂದಳು. ಅಂಗಡಿಯವನು ಮೊದಲ ಸಲ ಅವಳನ್ನು ಬೆಳ್ಳಗೆ ಮಾಡಿ ತೋರಿಸಿದನಂತೆ. ಎರಡನೆಯ ಸಲ ಸ್ವಲ್ಪ ಕಡಿಮೆ ಬೆಳ್ಳಗೆ. ಅದು ಅವನ ಕಂಪ್ಯೂಟರಿನಲ್ಲಿ ತಾನಾಗೇ ಆಗುತ್ತದಂತೆ. ದಾರಕ್ಕೆ ಕಟ್ಟಿದ ಪೌಡರ್ ಡಬ್ಬಿ ಹೋಗಿ ಈ ಡಬ್ಬಿ ಬಂದಿದೆ, ಬಳಿಯುವವರು ಅವರೇ. "ನನ್ನ ಬಣ್ಣ ನನಗ ಕೊಡ್ರಿ, ಆಮ್ಯಾಲ ಪ್ರಿಂಟ್ ತೆಗೀರಿ," ಎಂದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳಂತೆ. ಮೂರನೆಯ ಸಲ ಸರಿಯಾಯಿತು.

ಸುರುಳಿ ಸುತ್ತಿದ ಫ್ಲೆಕ್ಸು ಸಂಜೆ ಮನೆಗೆ ಬಂತು. ಕಟ್ಟುವ ಕೆಲಸ ಮಾತ್ರ ನನಗೆ. ಏಣಿ ಹತ್ತಿ ಬಲಗಡೆಯ ಹಗ್ಗ ಕಟ್ಟಿ ಸುರುಳಿ ಬಿಚ್ಚುತ್ತ ಬಂದೆ. ಮೊದಲು ಅವಳ ಹೆಸರು ಬಂತು, ದೊಡ್ಡ ಅಕ್ಷರದಲ್ಲಿ. ಆಮೇಲೆ ಅವಳ ಮುಖ, ಪೂರಾ ಮುಖ, ಅವಳದೇ ಬಣ್ಣದಲ್ಲಿ, ನಗು ತಡೆಯಲಾರದೆ ಅರಳಿದ್ದು. ಮಂದಿರದ ಮೆಟ್ಟಿಲಿನ ಮೇಲಿನ ಫೋಟೋ. ಕೊನೆಯ ಗೇಣು ಬಿಚ್ಚಿದಾಗ ಅಂಚಿನಲ್ಲಿ ಒಂದು ಮೊಣಕೈ ಕಂಡಿತು. ಸೊಂಟಕ್ಕೆ ಕೊಟ್ಟ ಕೈ, ಮಡಚಿದ ಚೌಕಳಿ ಅಂಗಿಯ ತೋಳು. ಆ ಅಂಗಿ ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಕೆಳಗೆ ನೋಡಿದೆ. ಸುಜಾತಾ ಎರಡೂ ಕೈಯಲ್ಲಿ ಏಣಿ ಹಿಡಿದು ಮೇಲೆ ನೋಡುತ್ತಿದ್ದಳು.

"ಬಿಗಿ ಕಟ್ರಿ," ಎಂದಳು, "ಗಾಳಿಗೆ ಆ ಅಂಚ ಮೊದಲ ಹಾರ್ತದ."

ಬಿಗಿಯಾಗಿಯೇ ಕಟ್ಟಿದೆ.